ವೈದ್ಯಕೀಯ ವಿವಾದಗಳು ಮತ್ತು ಮಧ್ಯಸ್ಥಗಾರನ ಪಾತ್ರ

ಆಸ್ಪತ್ರೆಯಲ್ಲಿ ಹುಟ್ಟುವ ವಿವಾದಕ್ಕೆ ಇತರ ವ್ಯಾಜ್ಯಗಳಿಗಿಲ್ಲದ ಒಂದು ಲಕ್ಷಣವುಂಟು. ಹೊಲದ ಬದುವಿಗಾಗಿ ಹೋರಾಡುವ ದಾಯಾದಿಗಳು ಪರಸ್ಪರ ಮುಖ ನೋಡದೆಯೇ ವರ್ಷಗಟ್ಟಲೆ ಇರಬಲ್ಲರು. ಆದರೆ ಸಂಜೆ ವೈದ್ಯರೊಡನೆ ಜಗಳವಾಡಿದ ಮನೆಯವರ ರೋಗಿಯು ಮರುದಿನ ಬೆಳಿಗ್ಗೆ ಅದೇ ವೈದ್ಯರ ಕೈಯಿಂದಲೇ ಗಾಯದ ಪಟ್ಟಿಯನ್ನು ಬದಲಾಯಿಸಿಕೊಳ್ಳಬೇಕಾಗಿರುತ್ತದೆ. ಜೊತೆಗೆ, ಏನು ನಡೆಯಿತೆಂಬುದರ ಪೂರ್ಣ ತಿಳಿವಳಿಕೆ ಒಂದು ಪಕ್ಷಕ್ಕೆ ಮಾತ್ರ ಇರುತ್ತದೆ. ಇನ್ನೊಂದು ಪಕ್ಷಕ್ಕೆ ಇರುವುದು ನೋವು ಮತ್ತು ಸಂಶಯ. ಈ ಅಸಮತೆಯಿಂದಾಗಿಯೇ ವೈದ್ಯಕೀಯ ವಿವಾದಗಳು ಬೇಗನೆ ಕೂಗಾಟಕ್ಕೂ ಕೆಲವೊಮ್ಮೆ ಕೈಮಾಡುವುದಕ್ಕೂ ತಿರುಗುತ್ತವೆ. ಇಂಥ ಹಲ್ಲೆಗಳನ್ನು ತಡೆಯಲು ಕರ್ನಾಟಕವು 2009ರಲ್ಲಿಯೂ ಮಹಾರಾಷ್ಟ್ರವು 2010ರಲ್ಲಿಯೂ ಪ್ರತ್ಯೇಕ ಕಾಯಿದೆಗಳನ್ನೇ ಮಾಡಬೇಕಾಯಿತು. ಕಾಯಿದೆಯು ಎತ್ತಿದ ಕೈಯನ್ನು ತಡೆಯಬಹುದು. ಕೈಯೆತ್ತಿದವನ ಮನಸ್ಸಿನಲ್ಲಿದ್ದ ಪ್ರಶ್ನೆಗೆ ಅದು ಉತ್ತರ ಕೊಡಲಾರದು. ಆ ಉತ್ತರವನ್ನು ದೊರಕಿಸಿಕೊಡುವ ಮಾರ್ಗಗಳಲ್ಲಿ ಒಂದಾದ ಮಧ್ಯಸ್ಥಿಕೆಯನ್ನು ಕುರಿತು ಇಲ್ಲಿ ವಿವೇಚಿಸಲಾಗಿದೆ.

ನ್ಯಾಯಾಲಯದ ದಾರಿ

ವೈದ್ಯರ ಮೇಲೆ ದಾವೆ ಹೂಡುವುದು ಹೊಸದೇನಲ್ಲ. 1953ರಲ್ಲಿ ಕೊಂಕಣದ ಕಡಲತೀರದಲ್ಲಿ ತೊಡೆಯ ಮೂಳೆ ಮುರಿದುಕೊಂಡ ಯುವಕನೊಬ್ಬನನ್ನು ಪುಣೆಗೆ ತಂದು ಚಿಕಿತ್ಸೆ ಮಾಡಿಸಲಾಯಿತು; ಆತ ಬದುಕಲಿಲ್ಲ. ಆತನ ತಂದೆ ಸ್ವತಃ ವೈದ್ಯರು. ಅವರು ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಅಂತಿಮ ತೀರ್ಪು ಬಂದದ್ದು 1968ರಲ್ಲಿ, ಎಂದರೆ ಹದಿನೈದು ವರ್ಷಗಳ ನಂತರ. ರೋಗಿಯನ್ನು ಒಪ್ಪಿಕೊಳ್ಳಬೇಕೇ ಎಂಬ ನಿರ್ಧಾರದಲ್ಲಿ, ಯಾವ ಚಿಕಿತ್ಸೆ ಎಂಬ ನಿರ್ಧಾರದಲ್ಲಿ, ಆ ಚಿಕಿತ್ಸೆಯನ್ನು ನಡೆಸುವುದರಲ್ಲಿ, ಹೀಗೆ ಮೂರು ಘಟ್ಟಗಳಲ್ಲಿ ವೈದ್ಯನಿಗೆ ಎಚ್ಚರಿಕೆಯ ಹೊಣೆಯುಂಟೆಂದು ಆ ತೀರ್ಪು ಸ್ಪಷ್ಟಪಡಿಸಿತು. ಕೋಲ್ಕತ್ತದಲ್ಲಿ 1998ರಲ್ಲಿ ನಡೆದ ಚಿಕಿತ್ಸೆಯೊಂದರ ವಿವಾದದಲ್ಲಿ ಸುಮಾರು ಆರು ಕೋಟಿ ರೂಪಾಯಿಗಳ ಪರಿಹಾರ ವಿಧಿಸಿದ ತೀರ್ಪು ಹೊರಬಿದ್ದದ್ದು 2013ರಲ್ಲಿ. ಅಲ್ಲಿಯೂ ಹದಿನೈದು ವರ್ಷ. ಅಲ್ಲಿಯೂ ದೂರು ಕೊಟ್ಟ ಪತಿ ವೈದ್ಯರೇ. ವೈದ್ಯಶಾಸ್ತ್ರ ಬಲ್ಲವರಿಗೇ ಇಷ್ಟು ಕಾಲ ಹಿಡಿಯಿತೆಂದರೆ, ಚಿಕಿತ್ಸಾ ದಾಖಲೆಯ ಒಂದು ಪುಟವನ್ನೂ ಓದಿ ಅರ್ಥಮಾಡಿಕೊಳ್ಳಲಾಗದ ಸಾಮಾನ್ಯ ಕುಟುಂಬದ ಪಾಡನ್ನು ಹೇಳಬೇಕಾಗಿಲ್ಲ.

1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹಣ ಪಡೆದು ನೀಡುವ ವೈದ್ಯಕೀಯ ಸೇವೆಯು 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುತ್ತದೆಂದು ಸಾರಿದ ಮೇಲೆ ರೋಗಿಗಳಿಗೆ ಒಂದು ಸುಲಭದ ಬಾಗಿಲು ತೆರೆಯಿತು. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಸೇವೆ ಸಲ್ಲಿಸುವ ಆಸ್ಪತ್ರೆಗಳು ಮಾತ್ರ ಅದರಿಂದ ಹೊರಗುಳಿದವು. 2005ರ ಮತ್ತೊಂದು ತೀರ್ಪು ಎದುರು ದಿಕ್ಕಿನ ಸಮತೋಲನವನ್ನು ತಂದಿತು. ವೈದ್ಯನನ್ನು ಅಪರಾಧಿಯೆಂದು ಶಿಕ್ಷಿಸಬೇಕಾದರೆ ನಿರ್ಲಕ್ಷ್ಯವು ಘೋರ ಸ್ವರೂಪದ್ದಾಗಿರಬೇಕು, ಮೊಕದ್ದಮೆ ನಡೆಸುವ ಮೊದಲು ತನಿಖಾಧಿಕಾರಿಯು ತಜ್ಞ ವೈದ್ಯರೊಬ್ಬರ ಸ್ವತಂತ್ರ ಅಭಿಪ್ರಾಯವನ್ನು ಪಡೆಯಬೇಕು ಎಂದು ಅದು ಹೇಳಿತು. ಇವೆರಡೂ ಅವಶ್ಯವಾದ ತೀರ್ಪುಗಳೇ. ಆದರೆ ಎರಡೂ ಕೇಳುವ ಪ್ರಶ್ನೆ ಒಂದೇ: ತಪ್ಪು ನಡೆಯಿತೇ, ಇಲ್ಲವೇ? ರೋಗಿಯ ಮನೆಯವರು ಕೇಳುವ ಪ್ರಶ್ನೆಗಳು ಇದಕ್ಕಿಂತ ಹೆಚ್ಚು.

ಇದಕ್ಕೆ ಆಧಾರವುಂಟು. ವೈದ್ಯರ ವಿರುದ್ಧ ಕಾನೂನು ಕ್ರಮಕ್ಕೆ ಮುಂದಾಗಿದ್ದ 227 ರೋಗಿಗಳನ್ನೂ ಬಂಧುಗಳನ್ನೂ ವಿಚಾರಿಸಿ ನಡೆಸಿದ ಇಂಗ್ಲೆಂಡಿನ ಅಧ್ಯಯನವೊಂದು 1994ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂಥದು ಮತ್ತೊಬ್ಬರಿಗೆ ಆಗಬಾರದು, ಏನಾಯಿತೆಂದು ವಿವರಿಸಬೇಕು, ನಷ್ಟಕ್ಕೆ ಪರಿಹಾರ ಕೊಡಬೇಕು, ಹೊಣೆಗಾರರು ಹೊಣೆ ಹೊರಬೇಕು ಎಂಬ ನಾಲ್ಕು ಬೇಡಿಕೆಗಳು ಅಲ್ಲಿ ಕಂಡುಬಂದವು. ಹಣವು ಈ ನಾಲ್ಕರಲ್ಲಿ ಒಂದು ಮಾತ್ರ. ನ್ಯಾಯಾಲಯದ ಆಜ್ಞೆಯ ಮೂಲಕ ಸುಲಭವಾಗಿ ಕೊಡಿಸಬಹುದಾದದ್ದೂ ಅದೊಂದೇ ಎಂಬುದು ವಿಚಾರಾರ್ಹ.

ಮಧ್ಯಸ್ಥನೆಂದರೆ ಯಾರು?

ಕನ್ನಡದಲ್ಲಿ ‘ಮಧ್ಯಸ್ಥ’ ಎಂಬ ಪದವನ್ನು ಸಡಿಲವಾಗಿ ಬಳಸುವುದುಂಟು. ಊರ ಪಂಚಾಯಿತಿಯ ಹಿರಿಯನೂ ಮಧ್ಯಸ್ಥ, ಮನೆ ಕೊಡಿಸುವ ದಲ್ಲಾಳಿಯೂ ಮಧ್ಯಸ್ಥ. ಇಲ್ಲಿ ಉದ್ದೇಶಿಸಿರುವ ಮಧ್ಯಸ್ಥನು ಇವರಿಬ್ಬರಿಗಿಂತ ಭಿನ್ನನು. ಪಂಚಾಯಿತಿಯ ಹಿರಿಯನು ಎರಡೂ ಕಡೆಯ ಮಾತು ಕೇಳಿ ತೀರ್ಮಾನ ಹೇಳುತ್ತಾನೆ. ಮಧ್ಯಸ್ಥನಿಗೆ ತೀರ್ಮಾನ ಹೇಳುವ ಅಧಿಕಾರವಿಲ್ಲ. ದಲ್ಲಾಳಿಗೆ ವ್ಯವಹಾರ ಕುದುರಿದರೆ ಲಾಭ; ಮಧ್ಯಸ್ಥನಿಗೆ ಒಪ್ಪಂದವಾದರೂ ಆಗದಿದ್ದರೂ ಸ್ವಂತ ಲಾಭನಷ್ಟವಿರಕೂಡದು. ತನಗೆ ಈ ಪ್ರಕರಣದಲ್ಲಿ ವೈಯಕ್ತಿಕ, ವೃತ್ತಿಸಂಬಂಧಿ ಅಥವಾ ಆರ್ಥಿಕ ಹಿತಾಸಕ್ತಿ ಇದ್ದರೆ ಅದನ್ನು ಮೊದಲೇ ಬಹಿರಂಗಪಡಿಸಬೇಕೆಂದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಮಧ್ಯಸ್ಥನಿಗೆ ವಿಧಿಸಿದೆ. ಆಸ್ಪತ್ರೆಯ ಸಂಬಳ ಪಡೆಯುವ ‘ರೋಗಿ ಸಂಪರ್ಕಾಧಿಕಾರಿ’ ಎಷ್ಟೇ ಮೃದುಭಾಷಿಯಾಗಿದ್ದರೂ ಈ ಅರ್ಥದಲ್ಲಿ ಮಧ್ಯಸ್ಥನಾಗಲಾರನು.

ಆತನ ಕಾರ್ಯವಿಧಾನವು ಮೇಲ್ನೋಟಕ್ಕೆ ಸರಳ. ಮೊದಲು ಎರಡೂ ಪಕ್ಷಗಳನ್ನು ಒಟ್ಟಿಗೆ ಕೂರಿಸಿ, ಒಬ್ಬರು ಮಾತನಾಡುವಾಗ ಇನ್ನೊಬ್ಬರು ನಡುವೆ ಬಾಯಿಹಾಕದಂತೆ ನೋಡಿಕೊಂಡು ಅಹವಾಲುಗಳನ್ನು ಕೇಳುತ್ತಾನೆ. ಅನಂತರ ಒಂದೊಂದು ಪಕ್ಷದೊಡನೆಯೂ ಪ್ರತ್ಯೇಕವಾಗಿ, ಏಕಾಂತದಲ್ಲಿ ಮಾತನಾಡುತ್ತಾನೆ. ಅಲ್ಲಿ ಹೇಳಿದ್ದನ್ನು ಹೇಳಿದವರ ಅನುಮತಿಯಿಲ್ಲದೆ ಎದುರು ಪಕ್ಷಕ್ಕೆ ತಿಳಿಸುವಂತಿಲ್ಲ. ವಿಧಿಬದ್ಧವಾದ ಮಧ್ಯಸ್ಥಿಕೆಯಲ್ಲಿ ಆಡಿದ ಮಾತುಗಳನ್ನು ಮುಂದೆ ವಿಚಾರಣೆಯಲ್ಲಿ ಸಾಕ್ಷ್ಯವಾಗಿ ತರುವಂತೆಯೂ ಇಲ್ಲ. ವೈದ್ಯಕೀಯ ವಿವಾದದಲ್ಲಿ ಈ ಗೋಪ್ಯತೆಯೇ ಜೀವಾಳ. ‘ಹೀಗಾದದ್ದಕ್ಕೆ ವಿಷಾದವಿದೆ’ ಎಂಬ ಒಂದು ವಾಕ್ಯವನ್ನು ವೈದ್ಯರು ನುಂಗಿಕೊಳ್ಳುವುದು ಬಹುಮಟ್ಟಿಗೆ ಅದು ತಪ್ಪೊಪ್ಪಿಗೆಯೆಂದು ದಾಖಲಾದೀತೆಂಬ ಅಂಜಿಕೆಯಿಂದ. ಆ ಮೌನವನ್ನೇ ಮನೆಯವರು ದರ್ಪವೆಂದು ಓದಿಕೊಳ್ಳುತ್ತಾರೆ.

ಒಂದು ಕಲ್ಪಿತ ಪ್ರಸಂಗ

ವಿಷಯ ಸ್ಪಷ್ಟವಾಗಲೆಂದು ಒಂದು ಪ್ರಸಂಗವನ್ನು ಊಹಿಸಿಕೊಳ್ಳಬಹುದು. ಧಾರವಾಡದಿಂದ ಪುಣೆಗೆ ಮಗನ ಮನೆಗೆ ಬಂದ ಅರುವತ್ತೆರಡು ವಯಸ್ಸಿನ ತಾಯಿಗೆ ಹೊಟ್ಟೆನೋವು. ಪಿತ್ತಕೋಶದಲ್ಲಿ ಹರಳುಗಳಿವೆಯೆಂದು ಪರೀಕ್ಷೆಯಿಂದ ತಿಳಿಯುತ್ತದೆ. ಸಣ್ಣ ರಂಧ್ರಗಳ ಮೂಲಕ ನಳಿಗೆ ಇಳಿಸಿ ಮಾಡುವ ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆ, ಮೂರು ದಿನಗಳ ವಾಸ, ಇಂತಿಷ್ಟು ಖರ್ಚು ಎಂದು ಆಸ್ಪತ್ರೆಯವರು ಅಂದಾಜು ಕೊಡುತ್ತಾರೆ. ಶಸ್ತ್ರಚಿಕಿತ್ಸೆಯ ನಡುವೆ ಪಿತ್ತಕೋಶವು ಸುತ್ತಲಿನ ಅಂಗಾಂಶಗಳಿಗೆ ಬಿಗಿಯಾಗಿ ಅಂಟಿಕೊಂಡಿರುವುದು ಕಂಡು, ವೈದ್ಯರು ಹೊಟ್ಟೆಯನ್ನು ತೆರೆದೇ ಕೆಲಸ ಮುಗಿಸುತ್ತಾರೆ. ಗಾಯಕ್ಕೆ ಸೋಂಕು ತಗಲುತ್ತದೆ. ಮೂರು ದಿನ ಹನ್ನೊಂದಾಗುತ್ತದೆ, ಬಿಲ್ಲು ಅಂದಾಜಿನ ಎರಡರಷ್ಟಾಗುತ್ತದೆ. ವಿಮಾ ಕಂಪನಿಯು ಅದರಲ್ಲಿ ಒಂದು ಭಾಗವನ್ನು ಮಾತ್ರ ಮಂಜೂರು ಮಾಡುತ್ತದೆ.

ಮಗನ ಆರೋಪ ಖಂಡಿತವಾದದ್ದು: ವೈದ್ಯರು ಕೈತಪ್ಪು ಮಾಡಿ ಅದನ್ನು ಮುಚ್ಚಲು ಹೊಟ್ಟೆ ಕೊಯ್ದರು. ವೈದ್ಯರ ಉತ್ತರವೂ ಅಷ್ಟೇ ಖಂಡಿತ: ಇಂಥ ಬದಲಾವಣೆ ಈ ಶಸ್ತ್ರಚಿಕಿತ್ಸೆಯಲ್ಲಿ ತಿಳಿದಿರುವ ಸಂಗತಿ, ಸಮ್ಮತಿಪತ್ರದಲ್ಲಿ ಅದು ಅಚ್ಚಾಗಿದೆ, ಕೆಳಗೆ ರುಜು ಇದೆ. ಇಬ್ಬರ ಮಾತನ್ನೂ ತಕ್ಕಡಿಗೆ ಹಾಕಿದರೆ, ವೈದ್ಯಶಾಸ್ತ್ರದ ದೃಷ್ಟಿಯಿಂದ ವೈದ್ಯರದೇ ತೂಕ ಹೆಚ್ಚೆಂದು ತೋರಬಹುದು. ಅಂಟಿಕೊಂಡ ಪಿತ್ತಕೋಶವನ್ನು ನಳಿಗೆಯಿಂದಲೇ ಬಿಡಿಸಲು ಹಟ ಮಾಡಿ ಪಿತ್ತನಾಳಕ್ಕೆ ಗಾಯ ಮಾಡುವುದಕ್ಕಿಂತ ಹೊಟ್ಟೆ ತೆರೆಯುವುದೇ ವಿವೇಕ. ದೂರು ದಾಖಲಾಗಿ ವಿಚಾರಣೆ ನಡೆದರೆ ಮಗನು ಸೋಲಬಹುದು. ಸೋತ ಮೇಲೂ ಆತನ ಸಂಶಯ ಹಾಗೆಯೇ ಉಳಿದೀತು.

ದೂರಿಗೆ ಮುನ್ನ ಉಭಯ ಪಕ್ಷಗಳೂ ಒಪ್ಪಿ, ತರಬೇತಿ ಪಡೆದ ಮಧ್ಯಸ್ಥರೊಬ್ಬರ ಮುಂದೆ ಕುಳಿತರೆಂದು ಇಟ್ಟುಕೊಳ್ಳೋಣ. ಏಕಾಂತದ ಮಾತುಕತೆಯಲ್ಲಿ ಬೇರೆಯೇ ಚಿತ್ರ ಹೊರಬರುತ್ತದೆ. ಒಂದೂವರೆ ಗಂಟೆಯೆಂದು ಹೇಳಿದ್ದ ಶಸ್ತ್ರಚಿಕಿತ್ಸೆಗೆ ನಾಲ್ಕು ಗಂಟೆ ಹಿಡಿದಾಗ, ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಮಗನಿಗೆ ಯಾರೊಬ್ಬರೂ ಬಂದು ಒಂದು ಮಾತು ಹೇಳಲಿಲ್ಲ. ಸಮ್ಮತಿಪತ್ರವು ಇಂಗ್ಲಿಷಿನಲ್ಲಿತ್ತು, ದಾಖಲಾತಿಯ ಗಡಿಬಿಡಿಯಲ್ಲಿ ಹತ್ತು ಕಾಗದಗಳ ನಡುವೆ ಅದಕ್ಕೂ ರುಜು ಬಿತ್ತು. ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ತಾಯಿ ಎಚ್ಚರವಾದಾಗ ಹೊಟ್ಟೆಯ ಮೇಲೆ ಉದ್ದನೆಯ ಗಾಯ ನೋಡಿ ಹೆದರಿ ಅತ್ತದ್ದನ್ನು ಮಗ ಮರೆಯಲಾರ. ಇತ್ತ ವೈದ್ಯರು ಹೇಳುವುದು: ಆ ದಿನ ಮತ್ತೊಂದು ತುರ್ತು ಶಸ್ತ್ರಚಿಕಿತ್ಸೆ ಕಾದಿತ್ತು, ಬಂದು ಹೇಳುವ ಕೆಲಸವನ್ನು ಕಿರಿಯ ವೈದ್ಯರಿಗೆ ಒಪ್ಪಿಸಿದ್ದೆ, ಆತ ಹೇಳಿದನೆಂದೇ ಭಾವಿಸಿದ್ದೆ, ಈಗ ಕ್ಷಮೆ ಕೇಳಿದರೆ ನಾಳೆ ಅದನ್ನೇ ವಕೀಲರು ಎತ್ತಿಹಿಡಿದಾರು.

ಇಲ್ಲಿಂದ ಮುಂದೆ ಮಧ್ಯಸ್ಥನ ಕೌಶಲಕ್ಕೆ ಕೆಲಸ. ಹಣದ ಮಾತನ್ನು ಆತ ಉದ್ದೇಶಪೂರ್ವಕವಾಗಿ ಹಿಂದಕ್ಕೆ ಸರಿಸುತ್ತಾನೆ. ಶಸ್ತ್ರಚಿಕಿತ್ಸೆಯ ಟಿಪ್ಪಣಿಯನ್ನು ಮುಂದಿಟ್ಟುಕೊಂಡು, ಚಿತ್ರ ಬರೆದು ತೋರಿಸಿ, ಒಳಗೆ ಕಂಡದ್ದೇನು ಎಂಬುದನ್ನು ವೈದ್ಯರೇ ತಾಯಿಮಗನಿಗೆ ವಿವರಿಸುವಂತೆ ಏರ್ಪಡಿಸುತ್ತಾನೆ. ಕನ್ನಡದಲ್ಲಿ ಹೇಳಬಲ್ಲ ಒಬ್ಬರು ಜೊತೆಗಿರುತ್ತಾರೆ. ಆ ಬಳಿಕವೇ ಲೆಕ್ಕ. ಹೆಚ್ಚಿನ ದಿನಗಳ ಕೊಠಡಿಯ ಬಾಡಿಗೆಯನ್ನು ಆಸ್ಪತ್ರೆ ಬಿಡುತ್ತದೆ, ಗಾಯ ಮಾಯುವವರೆಗಿನ ತಪಾಸಣೆ ಉಚಿತವೆಂದು ಒಪ್ಪುತ್ತದೆ. ತಡವಾದಾಗ ಮನೆಯವರಿಗೆ ತಿಳಿಸುವ ಹೊಣೆಯನ್ನು ಒಬ್ಬ ನಿಶ್ಚಿತ ವ್ಯಕ್ತಿಗೆ ವಹಿಸುವುದಾಗಿಯೂ ಬರೆದುಕೊಡುತ್ತದೆ. ಮಗನಿಗೆ ಈ ಕೊನೆಯ ಷರತ್ತು ಹಣಕ್ಕಿಂತ ಮಿಗಿಲೆಂದು ತೋರಿದರೆ ಆಶ್ಚರ್ಯವಿಲ್ಲ. ಯಾವ ನ್ಯಾಯಾಲಯದ ಡಿಕ್ರಿಯಲ್ಲಿಯೂ ಅಂಥ ಷರತ್ತು ಸುಲಭವಾಗಿ ಸೇರಲಾರದು.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗಳು 2001ರಿಂದ ಇದೇ ಬಗೆಯ ಪದ್ಧತಿಯನ್ನು ಅನುಸರಿಸತೊಡಗಿದವು. ಅಚಾತುರ್ಯ ನಡೆದರೆ ತಾವೇ ಮುಂದಾಗಿ ತಿಳಿಸುವುದು, ತಪ್ಪಿದ್ದರೆ ಪರಿಹಾರವನ್ನು ತಾವೇ ಮುಂದಿಡುವುದು, ತಪ್ಪಿಲ್ಲದಿದ್ದರೆ ವಿವರಣೆ ಕೊಟ್ಟು ನಿಲುವನ್ನು ಬಿಡದಿರುವುದು ಅದರ ಕ್ರಮ. ತರುವಾಯದ ವರ್ಷಗಳಲ್ಲಿ ಅಲ್ಲಿ ಪರಿಹಾರದ ಬೇಡಿಕೆಗಳೂ ದಾವೆಗಳೂ ಇಳಿದವೆಂದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮುಚ್ಚಿಡದೆ ಹೇಳಿದರೆ ದಾವೆಗಳ ಮಳೆ ಸುರಿದೀತೆಂಬ ಭಯಕ್ಕೆ ಅಲ್ಲಿ ಪುಷ್ಟಿ ದೊರೆಯಲಿಲ್ಲ.

ಕಾನೂನು ತೆರೆದಿರುವ ಬಾಗಿಲುಗಳು

ನಮ್ಮ ದೇಶದಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮು 2002ರಿಂದ ನ್ಯಾಯಾಲಯಗಳಿಗೆ ವಿವಾದವನ್ನು ಮಧ್ಯಸ್ಥಿಕೆಗೆ ಒಪ್ಪಿಸುವ ದಾರಿ ಮಾಡಿಕೊಟ್ಟಿತು. ಮದರಾಸು ಉಚ್ಚ ನ್ಯಾಯಾಲಯದ ಆಶ್ರಯದಲ್ಲಿ 2005ರಲ್ಲಿಯೂ, ದೆಹಲಿಯ ತೀಸ್ ಹಜಾರಿಯಲ್ಲಿ ಅದೇ ವರ್ಷವೂ, ಬೆಂಗಳೂರಿನಲ್ಲಿ 2007ರಲ್ಲಿಯೂ ಮಧ್ಯಸ್ಥಿಕೆ ಕೇಂದ್ರಗಳು ಆರಂಭವಾದವು.

ರೋಗಿಗಳಿಗೆ ಹೆಚ್ಚು ಹತ್ತಿರವಾದದ್ದು 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆ. ದೂರನ್ನು ಅಂಗೀಕರಿಸಿದ ಮೇಲೆ, ಒಪ್ಪಂದಕ್ಕೆ ಅವಕಾಶವಿದೆಯೆಂದು ಕಂಡರೆ ಆಯೋಗವು ಐದು ದಿನಗಳೊಳಗೆ ಲಿಖಿತ ಸಮ್ಮತಿ ಕೊಡುವಂತೆ ಪಕ್ಷಗಾರರಿಗೆ ಸೂಚಿಸಬಹುದು. ಒಪ್ಪಂದವಾದರೆ ಅದರ ವರದಿ ತಲುಪಿದ ಏಳು ದಿನಗಳಲ್ಲಿ ಆಯೋಗವು ಅದನ್ನು ಆದೇಶವಾಗಿ ದಾಖಲಿಸತಕ್ಕದ್ದು. ದೂರಿನ ಶುಲ್ಕವೂ ಹಿಂದಕ್ಕೆ ಬರುತ್ತದೆ. ಒಪ್ಪಂದವಾಗದಿದ್ದರೆ ವಿಚಾರಣೆಯು ನಿಂತಲ್ಲಿಂದ ಮುಂದುವರಿಯುತ್ತದೆ.

ಜನರಿಗೆ ಅಷ್ಟಾಗಿ ಪರಿಚಯವಿಲ್ಲದ ಮತ್ತೊಂದು ವ್ಯವಸ್ಥೆ ಖಾಯಂ ಲೋಕ ಅದಾಲತ್. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಗೆ 2002ರಲ್ಲಿ ತಂದ ತಿದ್ದುಪಡಿಯು ಆಸ್ಪತ್ರೆ ಮತ್ತು ಔಷಧಾಲಯಗಳ ಸೇವೆಯನ್ನೂ ವಿಮೆಯನ್ನೂ ‘ಸಾರ್ವಜನಿಕ ಉಪಯುಕ್ತ ಸೇವೆ’ಗಳ ಪಟ್ಟಿಗೆ ಸೇರಿಸಿತು. ಬೇರೆ ನ್ಯಾಯಾಲಯಕ್ಕೆ ಹೋಗುವ ಮುನ್ನ ಯಾವುದೇ ಪಕ್ಷ ಇಲ್ಲಿಗೆ ಅರ್ಜಿ ಹಾಕಬಹುದು. ಒಂದು ಕೋಟಿ ರೂಪಾಯಿವರೆಗಿನ ವಿವಾದಗಳು ಇದರ ಮಿತಿಯಲ್ಲಿವೆ. ಆದರೆ ಒಂದು ವಿಷಯ ನೆನಪಿನಲ್ಲಿರಬೇಕು. ರಾಜಿ ಆಗದಿದ್ದರೆ ಈ ಅದಾಲತ್ತು ತಾನೇ ತೀರ್ಪು ಕೊಡಬಲ್ಲದು. ಆದ್ದರಿಂದ ಇದು ಅರ್ಧ ಮಧ್ಯಸ್ಥಿಕೆ, ಅರ್ಧ ನ್ಯಾಯಪೀಠ.

ಮೇಲಿನ ಪ್ರಸಂಗದಲ್ಲಿ ವಿಮಾ ಕಂಪನಿಯು ತಡೆದ ಹಣದ ಪ್ರಶ್ನೆ ಹಾಗೆಯೇ ಉಳಿಯಿತು. ಅದಕ್ಕೆ ಆಸ್ಪತ್ರೆಯ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು, ಅದು ತಿರಸ್ಕರಿಸಿದರೆ ಅಥವಾ ಉತ್ತರಿಸದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ರ ಬಳಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಕಾಗಿಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ, ಬೆಂಗಳೂರುಗಳಲ್ಲೆಲ್ಲ ಕಚೇರಿಗಳಿವೆ. ಇವರೂ ಎರಡು ವೇಷದವರೇ: ಇಬ್ಬರೂ ಒಪ್ಪಿದರೆ ಮಧ್ಯಸ್ಥರಾಗಿ ಶಿಫಾರಸು, ಒಪ್ಪದಿದ್ದರೆ ತೀರ್ಪುಗಾರರಾಗಿ ಐತೀರ್ಪು. ಆ ಐತೀರ್ಪು ಕಂಪನಿಯನ್ನು ಬಂಧಿಸುತ್ತದೆ.

ಮುಚ್ಚಿರುವ ಬಾಗಿಲು

ಗ್ರಾಹಕ ಆಯೋಗದ ಮಧ್ಯಸ್ಥಿಕೆಗೆ ಸಂಬಂಧಿಸಿದ 2020ರ ನಿಯಮಗಳು ಒಂದು ಗಂಭೀರವಾದ ಅಪವಾದವನ್ನು ಹೇಳಿವೆ. ವೈದ್ಯಕೀಯ ನಿರ್ಲಕ್ಷ್ಯದಿಂದ ಸಾವು ಅಥವಾ ತೀವ್ರ ಗಾಯ ಸಂಭವಿಸಿದ ಪ್ರಕರಣಗಳನ್ನು ಮಧ್ಯಸ್ಥಿಕೆಗೆ ಒಪ್ಪಿಸುವಂತಿಲ್ಲ. ವೈದ್ಯರ ನೋಂದಣಿ, ಶಿಸ್ತು, ದುರ್ನಡತೆಗಳಿಗೆ ಸಂಬಂಧಿಸಿ ವೈದ್ಯಕೀಯ ಪರಿಷತ್ತಿನಂಥ ಶಾಸನಬದ್ಧ ಸಂಸ್ಥೆಗಳ ಮುಂದಿರುವ ದೂರುಗಳನ್ನೂ 2023ರ ಮಧ್ಯಸ್ಥಿಕೆ ಕಾಯಿದೆಯ ಅನುಸೂಚಿ ಹೊರಗಿಟ್ಟಿದೆ.

ಈ ನಿಷೇಧಕ್ಕೆ ಬಲವಾದ ಕಾರಣವಿದೆ. ಮನೆಯ ಯಜಮಾನನನ್ನು ಕಳೆದುಕೊಂಡು, ಬಿಲ್ಲನ್ನೂ ಕಟ್ಟಲಾಗದೆ ನಿಂತ ಹೆಂಗಸಿನ ಮುಂದೆ ಒಂದು ಮೊತ್ತವನ್ನು ಚಾಚಿ ‘ಇಲ್ಲಿಗೆ ಮುಗಿಸೋಣ’ ಎನ್ನುವುದು ಸುಲಭ. ಅಂಥ ಒಪ್ಪಂದದಲ್ಲಿ ಸಮ್ಮತಿಯೆಂಬುದು ಹೆಸರಿಗಷ್ಟೇ. ಅದೇ ತಪ್ಪು ಅದೇ ಆಸ್ಪತ್ರೆಯಲ್ಲಿ ಮತ್ತೆ ನಡೆದರೂ ಹೊರಗಿನವರಿಗೆ ತಿಳಿಯದು. ಗೋಪ್ಯತೆಯೆಂಬ ಗುಣವೇ ಅಲ್ಲಿ ದೋಷವಾಗುತ್ತದೆ. ಹಾಗಿದ್ದರೂ ಇದಕ್ಕೆ ತೆರುವ ಬೆಲೆ ಕಡಿಮೆಯದಲ್ಲ. ಏನಾಯಿತೆಂಬ ವಿವರಣೆಯ ಹಸಿವು ಅತ್ಯಂತ ತೀವ್ರವಾಗಿರುವುದು ಸಾವಿನ ಮನೆಯಲ್ಲಿಯೇ; ಮಾತಿನ ಬಾಗಿಲು ಮುಚ್ಚಿರುವುದೂ ಅವರಿಗೇ. ನಿಯಮವನ್ನು ಸಡಿಲಿಸುವುದಕ್ಕಿಂತ, ಸಾವು ಸಂಭವಿಸಿದಾಗ ಹಿರಿಯ ವೈದ್ಯರೇ ಕುಟುಂಬದವರನ್ನು ಕೂರಿಸಿ ದಾಖಲೆ ಸಹಿತ ವಿವರಿಸುವುದನ್ನು ಆಸ್ಪತ್ರೆಗಳ ಕಡ್ಡಾಯ ಕರ್ತವ್ಯವಾಗಿಸುವುದು ಮೇಲು. ಅದಕ್ಕೆ ಮಧ್ಯಸ್ಥನ ಅಗತ್ಯವೇ ಇರಬಾರದು.

ಇದರ ನಡುವೆ ಕಾನೂನಿನ ಯಾವ ಪುಟದಲ್ಲಿಯೂ ಇಲ್ಲದ ‘ಮಧ್ಯಸ್ಥ’ರೂ ಇದ್ದಾರೆ. ಆಸ್ಪತ್ರೆಯ ಪಡಸಾಲೆಯಲ್ಲಿ ಗಲಾಟೆ ಕೇಳಿದೊಡನೆ ಪ್ರತ್ಯಕ್ಷರಾಗಿ, ಎರಡೂ ಕಡೆ ಕಿವಿಯಲ್ಲಿ ಮಾತಾಡಿ, ಮೊತ್ತ ಕುದುರಿಸಿ, ಅದರಲ್ಲಿ ತಮ್ಮ ಪಾಲು ಇಟ್ಟುಕೊಳ್ಳುವ ಜನ. ಇವರು ಸಾಮಾನ್ಯವಾಗಿ ನೀಡುವ ಸಲಹೆ, ‘ಮರಣೋತ್ತರ ಪರೀಕ್ಷೆ ಬೇಡ, ದೇಹ ಕೆಡಿಸುತ್ತಾರೆ’ ಎಂಬುದು. ಸಾವಿನ ಕಾರಣದ ಬಗ್ಗೆ ನಿಜವಾದ ಸಂಶಯವಿದ್ದಲ್ಲಿ ಇದಕ್ಕಿಂತ ಹಾನಿಕರವಾದ ಸಲಹೆ ಇನ್ನೊಂದಿಲ್ಲ. ಅಂತ್ಯಸಂಸ್ಕಾರವಾದ ಮೇಲೆ ಮುಖ್ಯ ಸಾಕ್ಷ್ಯವು ಎರಡೂ ಪಕ್ಷಗಳಿಗೆ ಇಲ್ಲವಾಗುತ್ತದೆ. ನಿರ್ದೋಷಿಯಾದ ವೈದ್ಯರಿಗೂ ಅದು ನಷ್ಟವೇ.

ಹೊರನಾಡಿನಲ್ಲಿ

ಕನ್ನಡ ಸಂಘಗಳ ಹಿರಿಯರಿಗೆ ರಾತ್ರಿ ಹೊತ್ತು ದೂರವಾಣಿ ಬರುವುದುಂಟು: ‘ಆಸ್ಪತ್ರೆಯವರು ಏನೋ ಹೇಳುತ್ತಿದ್ದಾರೆ, ತಿಳಿಯುತ್ತಿಲ್ಲ, ನೀವು ಬಂದು ಮಾತಾಡಿ.’ ಹೋಗುವುದು ಸೌಜನ್ಯವೇ ಸರಿ. ಆದರೆ ಯಾವ ಪಾತ್ರದಲ್ಲಿ ಹೋಗುತ್ತಿರುವುದೆಂಬುದು ಸ್ಪಷ್ಟವಿರಬೇಕು. ಮರಾಠಿಯನ್ನೋ ತಮಿಳನ್ನೋ ಕನ್ನಡಕ್ಕೆ ತಂದು ಹೇಳುವವನು ದುಭಾಷಿ. ಆತ ಹೇಳಿದ್ದನ್ನು ಹೇಳಿದಂತೆಯೇ ಮುಟ್ಟಿಸಬೇಕು; ಕಹಿಯಾದದ್ದನ್ನು ಬಿಟ್ಟು, ಸಿಹಿಯಾದದ್ದನ್ನು ಸೇರಿಸಿದರೆ ಮುಂದಿನ ವಿವಾದಕ್ಕೆ ತಾನೇ ಬೀಜ ಬಿತ್ತಿದಂತೆ. ರೋಗಿಯ ಪರವಾಗಿ ವಾದಿಸುವವನು ಹಿತೈಷಿ. ಇವೆರಡರಲ್ಲಿ ಒಂದನ್ನು ವಹಿಸಿಕೊಂಡವರು ಅದೇ ಪ್ರಕರಣದಲ್ಲಿ ಮಧ್ಯಸ್ಥರಾಗಲು ಹೋಗಕೂಡದು. ಎದುರು ಪಕ್ಷದ ವಿಶ್ವಾಸ ಅವರಿಗೆ ದೊರೆಯುವುದಿಲ್ಲ, ದೊರೆಯಬೇಕಾಗಿಯೂ ಇಲ್ಲ. ಇಂಥ ಖಾಸಗಿ ಮಾತುಕತೆಗೆ ವಿಧಿಬದ್ಧ ಮಧ್ಯಸ್ಥಿಕೆಯ ಗೋಪ್ಯತೆಯ ರಕ್ಷಣೆ ಇದೆಯೆಂದೂ ಭಾವಿಸಬಾರದು.

ಹಿತೈಷಿಯಾಗಿ ಹೋದವರು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ ದಾಖಲೆಗಳನ್ನು ಕೇಳುವುದು. ರೋಗಿಯಾಗಲಿ ಆತ ಅಧಿಕಾರ ಕೊಟ್ಟವರಾಗಲಿ ಕೇಳಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳನ್ನು ಒದಗಿಸಬೇಕೆಂದು ವೈದ್ಯರ ವೃತ್ತಿನಡತೆಯ 2002ರ ನಿಯಮಾವಳಿ ವಿಧಿಸಿದೆ. ಅರ್ಜಿಯನ್ನು ಲಿಖಿತವಾಗಿ ಕೊಟ್ಟು, ತಲುಪಿದ್ದಕ್ಕೆ ಮೊಹರು ಹಾಕಿಸಿಕೊಳ್ಳಬೇಕು. ದಾಖಲೆ ಕೈಗೆ ಬಂದ ಮೇಲೆ ಬೇರೊಬ್ಬ ವೈದ್ಯರಿಗೆ ತೋರಿಸಿದರೆ, ಸಂಶಯವು ಅಲ್ಲಿಯೇ ಕರಗುವುದೂ ಉಂಟು, ಗಟ್ಟಿಯಾಗುವುದೂ ಉಂಟು. ಎರಡರಲ್ಲಿ ಯಾವುದಾದರೂ, ಮಧ್ಯಸ್ಥನ ಮುಂದೆ ಕೂರುವ ಮೊದಲೇ ತಿಳಿದಿರುವುದು ಒಳಿತು.

ಹೊರನಾಡಿನವರಿಗೆ 2019ರ ಕಾಯಿದೆ ಒಂದು ಅನುಕೂಲವನ್ನು ಕಲ್ಪಿಸಿದೆ. ದೂರುದಾರನು ವಾಸಿಸುವ ಅಥವಾ ದುಡಿಯುವ ಸ್ಥಳದ ಆಯೋಗದಲ್ಲಿಯೇ ದೂರು ಕೊಡಬಹುದು. ಮುಂಬಯಿಯಲ್ಲಿ ನೆಲೆಸಿದವರು ಊರಿಗೆ ಹೋದಾಗ ಹುಬ್ಬಳ್ಳಿಯಲ್ಲಿ ಚಿಕಿತ್ಸೆ ಪಡೆದು ವಿವಾದವುಂಟಾದರೆ, ಅದಕ್ಕಾಗಿ ಮತ್ತೆ ಮತ್ತೆ ಹುಬ್ಬಳ್ಳಿಯ ರೈಲು ಹತ್ತಬೇಕಾಗಿಲ್ಲ. ಸೇವೆಗಾಗಿ ಕೊಟ್ಟ ಹಣ ಐದು ಲಕ್ಷ ರೂಪಾಯಿಯನ್ನು ಮೀರದಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಆದರೆ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ಅದು ದಾಖಲಾಗಬೇಕು. ಆಸ್ಪತ್ರೆಯವರೊಡನೆ ಖಾಸಗಿಯಾಗಿ ನಡೆಸುವ ಪತ್ರವ್ಯವಹಾರದಿಂದಾಗಲಿ ‘ಮುಂದಿನ ವಾರ ಕೂತು ಮಾತಾಡೋಣ’ ಎಂಬ ಆಶ್ವಾಸನೆಯಿಂದಾಗಲಿ ಈ ಗಡುವು ನಿಲ್ಲುವುದಿಲ್ಲ. ಮಾತುಕತೆ ಆರಂಭಿಸುವ ದಿನವೇ ಗಡುವಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳತಕ್ಕದ್ದು.